ಮೊದಲು ಯಾರು?

ಹೊಸ ವೆಬ್‌ಸೈಟಿನ ಒಂದೊಂದು ಕೆಲಸಕ್ಕೂ ಒಂದೊಂದು ಕಂಟೇನರ್, ಅಂದರೆ ತನ್ನಷ್ಟಕ್ಕೆ ನಡೆಯುವ ಪುಟ್ಟ ಪ್ರೋಗ್ರಾಂ. ಒಂದೇ ಕಮಾಂಡಿಗೆ ಎಲ್ಲವೂ ಎದ್ದು ಕೆಲಸ ಶುರು ಮಾಡಬೇಕಿತ್ತು. ಎರಡು ಮಾತ್ರ ಮಿಸುಕಲಿಲ್ಲ: ಆರ್ಡರಿನದು ಭಾಮಿನಿಯದು, ಪೇಮೆಂಟಿನದು ಅವಳ ಪಕ್ಕದಲ್ಲೇ ಕೂತ ಜಯಶೀಲನದು. ಮಧ್ಯಾಹ್ನ ಗಿರಾಕಿಗೆ ತೋರಿಸಬೇಕು. ಆ ವಾರವಷ್ಟೇ ಟೀಮಿನ ಮುಖ್ಯಸ್ಥನಾಗಿ ಬಂದಿದ್ದ ಪೊನ್ನಪ್ಪನಿಗೆ ಪಿತ್ತ ನೆತ್ತಿಗೇರಿತು.

“ಯಾಕ್ರೀ ಏಳ್ತಿಲ್ಲ ನಿಮ್ಮದು?”

“ಅವರದ್ದು ಎದ್ದು ಉತ್ತರ ಕೊಡೋವರೆಗೂ ಕಾಯೋ ಹಾಗೆ ಬರ್ದಿದೀನಿ ಸಾರ್,” ಎಂದಳು ಭಾಮಿನಿ, ಪರದೆಯಿಂದ ಕಣ್ಣು ಕೀಳದೆ.

“ನಿಮ್ಮದೇನ್ರೀ ರೋಗ, ಜಯಶೀಲ?”

“ಅವರದ್ದೇ ಮೊದಲು ಏಳ್ಲಿ ಅಂತ ನಾನೂ ಹಾಗೇ ಬರ್ದೆ ಸಾರ್,” ಎಂದ ಜಯಶೀಲ, ಗೋಡೆ ನೋಡುತ್ತ.

ಪೊನ್ನಪ್ಪ ಮೇಜು ಗುದ್ದಿದ. “ಬುದ್ಧಿ ಇದೆಯೇನ್ರೀ ಇಬ್ಬರಿಗೂ? ಹೀಗೆ ಕಾಯ್ತಾ ಕೂತ್ರೆ ಪ್ರಳಯ ಆದ್ರೂ ಎರಡೂ ಏಳಲ್ಲ! ಪಕ್ಕಪಕ್ಕದಲ್ಲೇ ಕೂತಿದೀರಿ, ಒಂದು ಮಾತು ಕೇಳ್ಕೊಳ್ಳೋಕೆ ಏನು ಧಾಡಿ? ಭಾಮಿನಿ, ನಿಮ್ಮದನ್ನೇ ಮೊದಲು ಎಬ್ಬಿಸಿ.”

ಭಾಮಿನಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು.

“ಇಲ್ಲೂ ನಾನೇನಾ ಸಾರ್? ಮದುವೆಯಾದಾಗಿಂದ ಪ್ರತಿ ಜಗಳ ಆದ್ಮೇಲೂ ಇವರನ್ನ ಮೊದಲು ಮಾತಾಡಿಸೋಳು ನಾನೇ!”