ಮಧ್ಯಮ ಪುರುಷ, ಏಕವಚನ

ಸೊಸೆಗೆ ಮರುದಿನ ಸ್ಪ್ಯಾನಿಷ್ ಪರೀಕ್ಷೆ. ಅಡುಗೆಮನೆಯಲ್ಲಿ ಗಂಡನನ್ನು ಎದುರಿಗೆ ಕೂರಿಸಿಕೊಂಡು ‘ಕುಡಿ’ ಎಂಬ ಕ್ರಿಯಾಪದವನ್ನು ಒಂದೊಂದೇ ಕಾಲಕ್ಕೆ ತಿರುಗಿಸಿ ಒಪ್ಪಿಸುತ್ತಿದ್ದಳು.

“ತೂ ತೋಮಾಸ್, ನೀನು ಕುಡಿಯುತ್ತೀಯ. ತೂ ತೋಮಾಸ್ತೆ, ನೀನು ಕುಡಿದೆ. ತೂ ತೋಮಾರಾಸ್, ನೀನು ಕುಡಿಯುವೆ.”

ಕಾಫಿ ಸೋಸುತ್ತಿದ್ದ ಅತ್ತೆ ಸರಕ್ಕನೆ ತಿರುಗಿದರು. “ಏನೇ ಅದು, ನನ್ನ ಮಗನಿಗೆ ಥೂ ಥೂ ಅಂತ ಉಗೀತಿದೀಯ!”

ಸೊಸೆಗೆ ನಗು ತಡೆಯಲಾಗಲಿಲ್ಲ. “ಉಗಿಯೋದಲ್ಲ ಅತ್ತೆ. ತೂ ಅಂದ್ರೆ ನೀನು ಅಂತ.”

“ಕಟ್ಕೊಂಡ ಗಂಡನಿಗೆ ಏಕವಚನವಾ?”

“ಅವರಲ್ಲಿ ಹಾಗೇನೇ. ಗಂಡನಿಗೆ ಗೌರವ ಕೊಟ್ಟು ಮಾತಾಡಿದ್ರೆ, ಹೆಂಡತಿ ಮುನಿಸ್ಕೊಂಡಿದಾಳೆ ಅಂದ್ಕೋತಾರೆ.”

ಮದುವೆಯಾದಂದಿನಿಂದ ಗಂಡನನ್ನು ‘ರೀ’ ಎಂದಲ್ಲದೆ ಬೇರೆ ಕರೆದರಿಯದ ಅತ್ತೆ ಸೋಸಿದ ಕಾಫಿಯನ್ನು ಲೋಟಕ್ಕೆ ಬಗ್ಗಿಸಿದರು.

“ಕುಡಿ ಅಂತ ಆಜ್ಞೆ ಮಾಡ್ಬೇಕಾದ್ರೆ?”

“ತೋಮಾ.”

ಅತ್ತೆ ಕಾಫಿ ಲೋಟ ಎತ್ತಿಕೊಂಡು ಹಜಾರಕ್ಕೆ ಹೋದರು. ಪೇಪರು ಓದುತ್ತಿದ್ದ ಮಾವನ ಮುಂದೆ ಲೋಟ ಕುಕ್ಕಿದ ಸದ್ದು ಅಡುಗೆಮನೆಗೆ ಕೇಳಿಸಿತು. ಹಿಂದೆಯೇ ಅತ್ತೆಯ ದನಿ, ಬಾಯ್ತುಂಬ:

“ಥೂ! ತೋಮಾ!”

“ಏನಂದೇ?” ಮಾವ ಗುಡುಗಿದರು.

“ತಾವು ಕಾಫಿ ತಗೊಳ್ಳಿ ಅಂದೆ, ರೀ.”