ಭಾಲ್ಕಿಯ ಸಾಕ್ಷಿ

ಔರಾದ್‌ನ ನೀರು ಸರಬರಾಜು ಕಚೇರಿಯಲ್ಲಿ ಪ್ರೋಗ್ರಾಮಿನ ದೋಷ ಹುಡುಕಬಲ್ಲವರು ಯಾರೂ ಇರಲಿಲ್ಲ. ಅಲ್ಲಿಯ ಕಂಪ್ಯೂಟರನ್ನು ಸುಜಾತಾ ಬೀದರಿನಿಂದಲೇ ತೆರೆದು ಸರಿಪಡಿಸುತ್ತಿದ್ದಳು. ಅವಳು ಮಾಡಿದ್ದೆಲ್ಲ ಬೀದರ್ ಮತ್ತು ಭಾಲ್ಕಿಯ ಎರಡು ಸರ್ವರ್‌ಗಳಲ್ಲಿ ಬೇರೆಬೇರೆಯಾಗಿ ದಾಖಲಾಗಬೇಕು, ಎರಡೂ ತಾಳೆಯಾದರೆ ಮಾತ್ರ ನಂಬಬೇಕು. ಇದು ಅವಳೇ ಮಾಡಿದ ನಿಯಮ. ಭಾಲ್ಕಿಯ ಸರ್ವರ್ ನೋಡಿಕೊಳ್ಳುತ್ತಿದ್ದವನು ಅವಳೇ ಕೆಲಸ ಕಲಿಸಿದ ಪಂಢರಿ.

ಈಗ ಆ ಕಚೇರಿಯ ಟ್ಯಾಂಕರ್ ನೀರಿನ ಪಟ್ಟಿಯಿಂದ ಎಕಂಬಾ ಹಳ್ಳಿಯ ಮನೆಗಳು ಅಳಿಸಿಹೋಗಿದ್ದವು. ಅಳಿಸಿದವಳು ಸುಜಾತಾ ಎಂದು ಎರಡೂ ದಾಖಲೆ ಹೇಳುತ್ತಿದ್ದವು. ಅವಳ ಬೆರಳು ಭಾಲ್ಕಿಯ ದಾಖಲೆಯ ಒಂದು ಸಾಲಿನ ಮೇಲೆ ನಿಂತಿತು: ಕಳೆದ ವಾರದ ಮಂಗಳವಾರ, ಮಧ್ಯಾಹ್ನ ಎರಡೂವರೆ. ಅವಳು ಪಂಢರಿಗೆ ಫೋನ್ ಮಾಡಿದಳು.

“ಹೋದ ವಾರ ಮಂಗಳವಾರ ಎರಡರಿಂದ ನಾಕರ ತನಕ ಭಾಲ್ಕ್ಯಾಗ ಕರೆಂಟೇ ಇರಲಿಲ್ಲ. ಅಲ್ಲಿ ಬ್ಯಾಕಪ್ ಬ್ಯಾಟರಿನೂ ಕೆಟ್ಟದ. ಸರ್ವರ್ ಹ್ಯಾಂಗ ಬರೀತೋ?”

“ಸರ್ವರ್ ಬಂದ್ ಬಿದ್ದು ಎರಡು ತಿಂಗಳಾತ್ರಿ ಅಕ್ಕಾ. ಬೀದರಿನ ದಾಖಲೆನೇ ಕಾಪಿ ಮಾಡಿ ಇಡು ಅಂತ ನಮ್ಮ ಮ್ಯಾನೇಜರ್ ಸಾಹೇಬರು ಹೇಳ್ಯಾರ.”

“ನನ್ನ ಹೆಸರಿನ್ಯಾಗ ಅಳಿಸಿದವರೂ ಅವರೇನು?”

“ಹೌದ್ರಿ. ಮಂದಿ ಪುಣೆಕ್ಕ ದುಡೀಲಿಕ್ಕ ಹೋಗ್ಯಾರ, ಖಾಲಿ ಮನಿಗಿ ನೀರು ಯಾಕ ಅಂದ್ರು.”

“ಗಂಡಸರಷ್ಟೇ ಹೋಗ್ಯಾರ. ಮನಿ ಖಾಲಿ ಆಗಿಲ್ಲ. ಗೊತ್ತಿದ್ದೂ ನನಗ್ಯಾಕ ಹೇಳಲಿಲ್ಲ?”

“ಎರಡೂ ದಾಖಲೆ ಒಂದೇ ಇದ್ದರ ಸಾಕು ಅಂತ ನೀವೇ ಕಲಿಸೀರಲ್ರಿ ಅಕ್ಕಾ.”

ಸುಜಾತಾ ಫೋನ್ ಇಟ್ಟಳು. ಎಕಂಬಾದ ಅರವತ್ತೆರಡು ಮನೆಗಳಿಗೆ ಹನ್ನೊಂದು ದಿನದಿಂದ ನೀರು ಬಂದಿರಲಿಲ್ಲ.