ವಾಪಸ್ಸು ಬಂದ ಗೆಜ್ಜೆವಸ್ತ್ರ

ಮೂರನೆಯ ಡಬ್ಬಿಯೂ ವಾಪಸ್ಸು ಬಂತು. ಶಾಂತಕುಮಾರಿ ಅದನ್ನು ಮುಟ್ಟಲಿಲ್ಲ. ಮೆಟ್ಟಿಲ ಕೆಳಗೆ, ಮೊದಲಿನ ಎರಡರ ಪಕ್ಕದಲ್ಲಿ ಇಡುವಂತೆ ಕೊರಿಯರ್‌ನವನಿಗೆ ಹೇಳಿ, ಅವನು ಗೇಟು ದಾಟುತ್ತಲೇ ಬಾಯಿಗೆ ಬಂದಂತೆ ಬೈದಳು.

"ಇವಳ ಕೈ ಸೇದಿಹೋಗ! ನನ್ನ ಹೊಟ್ಟೆ ಮೇಲೇ ಹೊಡೀತಾಳಲ್ಲ!"

ಬೈಯದೆ ಏನು ಮಾಡಿಯಾಳು? ವಿಮಾ ಕಚೇರಿಯಲ್ಲಿದ್ದ ಗಂಡ ಗುರುರಾಜ್ ಹೋದ ಮೇಲೆ ಹೊಸ ತಿಪ್ಪಸಂದ್ರದ ಆ ಎರಡು ಕೋಣೆಯ ಮನೆ ನಡೆಯುತ್ತಿದ್ದದ್ದು ಹೂಬತ್ತಿ, ಗೆಜ್ಜೆವಸ್ತ್ರಗಳಿಂದ. ಬೆಳಗ್ಗೆ ಮಡಿಯುಟ್ಟು ಹತ್ತಿ ಹೊಸೆಯುವುದು, ಮಧ್ಯಾಹ್ನ ಅಂಗೈಯಗಲದ ಡಬ್ಬಿಗಳಿಗೆ ತುಂಬುವುದು, ಆನ್‌ಲೈನಿನಲ್ಲಿ ಮಾರುವುದು. ದೀಪಾವಳಿಯಲ್ಲಿ ಒಬ್ಬ ಭೂಪ ಹೂಬತ್ತಿಯನ್ನೆಲ್ಲ ಇಟ್ಟುಕೊಂಡು, ಡಬ್ಬಿಗೆ ಹಳೆಯ ದಿಂಬಿನ ಹತ್ತಿ ತುರುಕಿ ವಾಪಸ್ಸು ಕಳಿಸಿದ್ದ. ದುಡ್ಡೂ ಅವನಿಗೇ ಹೋಯಿತು. ಆ ಕೊಳಕು ಹತ್ತಿಯನ್ನು ಮುಟ್ಟಿದ್ದಕ್ಕೆ ಶಾಂತಕುಮಾರಿ ಎರಡು ಸಲ ತಲೆಸ್ನಾನ ಮಾಡಿದ್ದಳು. ಅಂದಿನಿಂದ ವಾಪಸ್ಸು ಬಂದ ಡಬ್ಬಿಯನ್ನು ಬಿಚ್ಚುವ ಮಾತೇ ಇಲ್ಲ. ಯಾರ ಮನೆಗೆ ಹೋಗಿ ಬಂದದ್ದೋ, ಅಲ್ಲಿ ಸೂತಕವಿತ್ತೋ ಏನೋ!

ಈ ಮೂರೂ ಒಬ್ಬಳೇ ಕಳಿಸಿದ್ದು. ಹೇಮಶ್ರೀಯಂತೆ, ಗರುಡಾಚಾರ್‌ಪಾಳ್ಯದ ಯಾವುದೋ ಟೈಲರ್ ಅಂಗಡಿಯ ವಿಳಾಸ. ವಾಪಸ್ಸಿಗೆ ಕಾರಣ ಕೇಳಿದರೆ ಮೂರು ಸಲವೂ ಒಂದೇ ಉತ್ತರ: 'ಬಿಚ್ಚಿ ನೋಡಿ.' ಎಂಥ ಕೊಬ್ಬು! ಡಬ್ಬಿಗೆ ಸುತ್ತಿದ್ದ ದಾರಕ್ಕೆ ಗೆಜ್ಜೆವಸ್ತ್ರಕ್ಕೆ ಶಾಂತಕುಮಾರಿ ಹಾಕುವಂಥದೇ ಮೂರು ಸುತ್ತಿನ ಗಂಟು. ಕಳ್ಳಿ ಅದನ್ನೂ ಕದ್ದು ಕಲಿತಿದ್ದಾಳೆ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಒಮ್ಮೆ ಆ ಹೇಮಶ್ರೀ ಫೋನು ಬೇರೆ ಮಾಡಿದ್ದಳು. "ಆಂಟಿ, ಇದು ಆರ್ಡರ್ ವಿಷ್ಯ ಅಲ್ಲ, ಒಂದ್ನಿಮಿಷ..." ಎನ್ನುವಷ್ಟರಲ್ಲಿ ಶಾಂತಕುಮಾರಿ ಫೋನು ಕಟ್ ಮಾಡಿ ಆ ನಂಬರನ್ನು ಬ್ಲಾಕ್ ಮಾಡಿದ್ದಳು. ಅಳಿಯ ಸುನೀಲ್ ಹೇಳಿಕೊಟ್ಟ ಮೊದಲ ಪಾಠವೇ ಅದು.

ಇವತ್ತು ವೆಬ್‌ಸೈಟಿನವರ ಎಚ್ಚರಿಕೆಯೂ ಬಂದಿತ್ತು. ಇನ್ನೊಂದು ವಾಪಸ್ಸಾದರೆ ಅಂಗಡಿ ಬಂದ್. ಶಾಂತಕುಮಾರಿ ದೂರು ಕೊಟ್ಟದ್ದಕ್ಕೆ, ಮುಂದಿನ ಡಬ್ಬಿಯನ್ನು ಕೊರಿಯರ್‌ನವನೇ ಬಾಗಿಲಲ್ಲಿ ಬಿಚ್ಚಿ ತೋರಿಸುತ್ತಾನೆ ಎಂದಷ್ಟೇ ಒಪ್ಪಿದ್ದರು.

ಮಗಳು ಇಂಚರಾ ಇದ್ದಿದ್ದರೆ ಇದನ್ನೆಲ್ಲ ನೋಡಿಕೊಳ್ಳುತ್ತಿದ್ದಳು. ಅಂಗಡಿಯನ್ನು ಆನ್‌ಲೈನಿಗೆ ಹಾಕಿಕೊಟ್ಟವಳೇ ಅವಳು. ಗೌರಿ ಹಬ್ಬಕ್ಕೆ ಅಳುತ್ತ ಬಂದು, ಗಂಡನ ಮನೆಗೆ ಹೋಗಲ್ಲ ಎಂದು ಹಟ ಹಿಡಿದಿದ್ದಳು. "ಎಲ್ಲಾರ ಮನೇಲೂ ಇದ್ದದ್ದೇ ಕಣೆ, ಹೊಂದ್ಕೊಂಡು ಹೋಗು" ಎಂದು ಶಾಂತಕುಮಾರಿಯೇ ಮಾರನೆಯ ದಿನ ಕೆ.ಆರ್. ಪುರಕ್ಕೆ ಆಟೋ ಹತ್ತಿಸಿದ್ದಳು. ಅಷ್ಟಕ್ಕೇ ಸಿಟ್ಟು, ಆಮೇಲೆ ಒಂದು ಫೋನಿಲ್ಲ. ಅಳಿಯ ಮಾತ್ರ ಬಂಗಾರ. ಗೋದಾಮೊಂದರಲ್ಲಿ ವಾಪಸ್ಸು ಬಂದ ಮಾಲು ನೋಡಿಕೊಳ್ಳುವ ಕೆಲಸ. ಇಂಥ ಕಳ್ಳಾಟವೆಲ್ಲ ಅವನಿಗೆ ಕರತಲಾಮಲಕ. ಶಾಂತಕುಮಾರಿ ಅವನಿಗೇ ಫೋನು ಹಚ್ಚಿದಳು.

"ಹೆಸರು ಏನಂದ್ರಿ ಅತ್ತೆ?"

"ಹೇಮಶ್ರೀ ಅಂತೆ. ಗರುಡಾಚಾರ್‌ಪಾಳ್ಯದಲ್ಲಿ ಟೈಲರ್ ಅಂಗಡಿ."

ಸುನೀಲ್ ಆ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡ.

"ಡಬ್ಬಿ ಬಿಚ್ಚಿದ್ರಾ?"

"ಛೆ ಛೆ, ಮುಟ್ಟೇ ಇಲ್ಲ!"

"ಒಳ್ಳೇದಾಯ್ತು. ಹಾಗೇ ಇರ್ಲಿ. ನಾನೇ ಬಂದು ತಗೊಂಡ್ಹೋಗ್ತೀನಿ."

ಒಂದು ಗಂಟೆಯೊಳಗೆ ಬಂದೇಬಿಟ್ಟ. ಅತ್ತೆಯ ಕಷ್ಟಕ್ಕೆ ಕೆಲಸ ಬಿಟ್ಟು ಓಡಿಬರುವ ಅಳಿಯಂದಿರು ಎಷ್ಟು ಜನ ಇದ್ದಾರು? ಕಾಫಿಗೂ ನಿಲ್ಲದೆ ಮೂರು ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡ. ಬೈಕಿನ ಹತ್ತಿರ ನಿಂತು ಒಂದನ್ನು ಬಿಚ್ಚಿ ನೋಡಿದ. ಮೆಟ್ಟಿಲ ಮೇಲಿದ್ದ ಶಾಂತಕುಮಾರಿಗೆ ಅವನ ಬೆನ್ನಷ್ಟೇ ಕಂಡಿತು.

"ಏನಿದೆ ಅದ್ರಲ್ಲಿ?"

"ಬರೀ ಕಸ ಅತ್ತೆ."

"ಅವಳನ್ನ ಸುಮ್ನೆ ಬಿಡಬೇಡಿ ಸುನೀಲ್. ಚೆನ್ನಾಗಿ ಬುದ್ಧಿ ಕಲಿಸಿ."

"ಕಲಿಸ್ತೀನಿ," ಎಂದು ಬೈಕು ಹತ್ತಿದ.

ಮರುದಿನ ಬೆಳಗ್ಗೆ ಅವನ ಮೆಸೇಜು ಬಂದಿತ್ತು: 'ಕಳ್ಳಿ ಸಿಕ್ಕಿದ್ಲು ಅತ್ತೆ. ಬುದ್ಧಿ ಕಲಿಸಿದ್ದಾಯ್ತು. ಇನ್ಮೇಲೆ ರಿಟರ್ನ್ ಬರಲ್ಲ.'

ಅಬ್ಬಾ, ಅಂಗಡಿ ಉಳಿಯಿತು! ಶಾಂತಕುಮಾರಿ ದೇವರಿಗೆ ತುಪ್ಪದ ದೀಪ ಹಚ್ಚಿ, ಅಳಿಯನ ಹೆಸರಲ್ಲಿ ಒಂದು ನಮಸ್ಕಾರ ಹೆಚ್ಚಿಗೆ ಹಾಕಿದಳು.

ಹತ್ತು ಗಂಟೆಗೆ ಕೊರಿಯರ್‌ನವನು ನಾಲ್ಕನೆಯ ಡಬ್ಬಿ ಹಿಡಿದು ನಿಂತಿದ್ದ. ಮೂರು ದಿನದ ಹಿಂದೆ ಹೇಮಶ್ರೀ ಕಳಿಸಿದ್ದು.

"ನೀವೇ ಕಂಪ್ಲೇಂಟ್ ಕೊಟ್ಟಿದ್ರಲ್ಲ ಅಮ್ಮ, ಬಿಚ್ಚಿ ತೋರಿಸ್ಬೇಕು," ಎಂದವನೇ ದಾರ ಕತ್ತರಿಸಿದ.

ಒಳಗೆ ಗೆಜ್ಜೆವಸ್ತ್ರ ಇದ್ದ ಹಾಗೇ ಇತ್ತು, ಒಂದೆಳೆಯೂ ಕಡಿಮೆಯಿಲ್ಲ. ಅದರ ಮೇಲೆ ಮಡಿಸಿದ ಚೀಟಿ. ಆ ಗುಂಡು ಅಕ್ಷರಗಳನ್ನು ಶಾಂತಕುಮಾರಿಯೇ ಕೈಹಿಡಿದು ತಿದ್ದಿಸಿದ್ದಳು.

'ಅಮ್ಮ, ಇದು ನಾಲ್ಕನೇ ಚೀಟಿ. ಸುನೀಲ್ ನನ್ನ ಫೋನು ಕಿತ್ಕೊಂಡಿದ್ದಾನೆ, ಹೊರಗಿಂದ ಬೀಗ ಹಾಕ್ಕೊಂಡು ಹೋಗ್ತಾನೆ. ಪಕ್ಕದ ಮನೆ ಹೇಮಶ್ರೀ ಅಕ್ಕ ಕಿಟಕಿ ಸರಳಿನ ಸಂದೀಲಿ ಡಬ್ಬಿ ಕೊಟ್ಟು, ನಾನು ಕಟ್ಟಿದ ಮೇಲೆ ತಮ್ಮ ಟೈಲರ್ ಅಂಗಡಿಯಿಂದ ಕಳಿಸ್ತಾರೆ. ಬೇಗ ಪೊಲೀಸರನ್ನ ಕರ್ಕೊಂಡು ಬಾ. ಅಕ್ಕನ ಹೆಸರು ಮಾತ್ರ ಅವನ ಹತ್ರ ಎತ್ತಬೇಡ. ಗೊತ್ತಾದ ದಿನ ನನ್ನನ್ನ ಉಳಿಸಲ್ಲ.'